ಬಡತನದ ವಿಷಯವನ್ನು ನಿಮ್ಮ ಎಂಪಿಪಿ ಮುಂದೆ ಇಡುವುದು ಹೇಗೆ? ಒಂಟಾರಿಯೋ ಕನ್ನಡಿಗರಿಗೆ ಮಾರ್ಗದರ್ಶಿ

“ಫುಡ್ ಬ್ಯಾಂಕಿಗೆ ಅಕ್ಕಿ, ಬೇಳೆ ಕೊಡ್ತಾನೇ ಇದ್ದೀವಿ. ಅಲ್ಲಿ ಸಾಲು ಮಾತ್ರ ಉದ್ದ ಆಗ್ತಾನೇ ಇದೆ. ಸರ್ಕಾರಕ್ಕೆ ಹೇಳೋದಾದ್ರೆ ಯಾರಿಗೆ ಹೇಳ್ಬೇಕು?” ಮಿಸ್ಸಿಸಾಗಾ, ಬ್ರಾಂಪ್ಟನ್, ಮಿಲ್ಟನ್, ವಾಟರ್‌ಲೂ ಕಡೆಯ ಕನ್ನಡಿಗರು ಇದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿರುತ್ತಾರೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇದನ್ನು ಹೇಳಬೇಕಾದದ್ದು ನಿಮ್ಮ ಎಂಪಿಪಿಗೆ, ಅಂದರೆ ಪ್ರಾಂತ್ಯದ ವಿಧಾನಸಭೆಯಲ್ಲಿ ನಿಮ್ಮ ಕ್ಷೇತ್ರದ ಶಾಸಕರಿಗೆ. ಈ ಮಾರ್ಗದರ್ಶಿ ಒಂಟಾರಿಯೋ ಪ್ರಾಂತ್ಯಕ್ಕೆ ಮಾತ್ರ. ಕೆನಡಾದ ಬೇರೆ ಪ್ರಾಂತ್ಯಗಳಲ್ಲಿ ದಾರಿ ಹೆಚ್ಚುಕಡಿಮೆ ಇದೇ. ಆದರೆ ಯೋಜನೆಗಳ ಹೆಸರು, ಮೊತ್ತ, ಗಡುವು ಎಲ್ಲಾ ಬೇರೆ.

ಶುರು ಮಾಡುವ ಮುಂಚೆ ಜನ ಕೇಳುವ ಮೂರು ಅನುಮಾನ ತೀರಿಸಿಬಿಡುತ್ತೇನೆ.

“ನಾವಿನ್ನೂ ಪಿಆರ್ (ಕಾಯಂ ನಿವಾಸಿ), ಪೌರತ್ವ ಬಂದಿಲ್ಲ. ಬರೆಯಬಹುದಾ?” ಬರೆಯಬಹುದು. ಮತ ಹಾಕಲು ಪೌರತ್ವ ಬೇಕು, ಶಾಸಕರಿಗೆ ಪತ್ರ ಬರೆಯಲು ಬೇಡ. ವರ್ಕ್ ಪರ್ಮಿಟ್‌ನಲ್ಲಿ ಇರುವವರೂ ಬರೆಯಬಹುದು, ವಿದ್ಯಾರ್ಥಿಗಳೂ ಬರೆಯಬಹುದು. ಆ ಕ್ಷೇತ್ರದಲ್ಲಿ ವಾಸ ಇದ್ದರೆ ಸಾಕು. ಇದರಿಂದ ನಿಮ್ಮ ಪಿಆರ್ ಅಥವಾ ಪೌರತ್ವದ ಅರ್ಜಿಗೆ ಏನೂ ಆಗುವುದಿಲ್ಲ.

“ಇದು ಲಾಬಿ ಅಲ್ವಾ? ನೋಂದಣಿ ಮಾಡಿಸಬೇಕಾ?” ಸಂಬಳ ಪಡೆದು ಸರ್ಕಾರದ ಮೇಲೆ ಪ್ರಭಾವ ಬೀರುವವರಿಗೆ ಆ ಕಾನೂನು. ಸ್ವಂತ ಸಮಯ ಕೊಟ್ಟು ಮಾತಾಡುವವರಿಗೆ ನೋಂದಣಿ ಬೇಡ.

“ನಮ್ಮ ಸಂಘ ನೋಂದಾಯಿತ ಚಾರಿಟಿ, ರಾಜಕೀಯ ಮಾಡುವಂತಿಲ್ಲ.” ಪಕ್ಷ ರಾಜಕೀಯ ಮಾಡುವಂತಿಲ್ಲ, ಅದು ನಿಜ. ಯಾವ ಪಕ್ಷವನ್ನಾಗಲೀ ಅಭ್ಯರ್ಥಿಯನ್ನಾಗಲೀ ಬೆಂಬಲಿಸುವ ಹಾಗಿಲ್ಲ, ವಿರೋಧಿಸುವ ಹಾಗೂ ಇಲ್ಲ. ಆದರೆ ಸಂಘದ ಉದ್ದೇಶಕ್ಕೆ ಹೊಂದುವ ಸರ್ಕಾರಿ ನೀತಿಯ ಬಗ್ಗೆ ಮಾತಾಡಲು 2018ರ ಕೊನೆಯ ತಿದ್ದುಪಡಿಯ ನಂತರ ಅಡ್ಡಿ ಇಲ್ಲ. ಪತ್ರದಲ್ಲಿ ಪಕ್ಷದ ಹೆಸರು ಎತ್ತದಿದ್ದರೆ ಆಯಿತು.

ಬೇಕಾಗುವ ಸಾಮಾನು ಕಡಿಮೆ. ನಿಮ್ಮ ಪೋಸ್ಟಲ್ ಕೋಡ್, ಒಂದು ಪುಟದ ಟಿಪ್ಪಣಿ, ಅದೇ ಕ್ಷೇತ್ರದಲ್ಲಿ ಇರುವ ಇಬ್ಬರು ಮೂವರು ಜೊತೆಗಾರರು, ಒಂದು ಕ್ಯಾಲೆಂಡರ್. ಪತ್ರ ಇಂಗ್ಲಿಷಿನಲ್ಲಿ ಇರಲಿ. ಭಾರಿ ಇಂಗ್ಲಿಷ್ ಬೇಡ, ಮನೆ ಮಾಲೀಕರಿಗೆ ಇಮೇಲ್ ಬರೆಯುವಷ್ಟು ಬಂದರೆ ಧಾರಾಳ.

1. ಇದು ಯಾರ ಕೆಲಸ ಅಂತ ಮೊದಲು ನೋಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಕೆನಡಾದಲ್ಲಿ ಮೂರು ಹಂತದ ಸರ್ಕಾರ ಇದೆ. ಒಂದರ ಕೆಲಸವನ್ನು ಇನ್ನೊಂದರ ಹತ್ತಿರ ಕೇಳಿದರೆ “ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಅಂತ ಎರಡು ಸಾಲಿನ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು.

ಒಟ್ಟಾವಾದ ಕೇಂದ್ರ ಸರ್ಕಾರ ನೋಡಿಕೊಳ್ಳುವುದು: ಕೆಲಸ ಹೋದಾಗ ಬರುವ ಇಐ, ಹಿರಿಯರ ಒಎಎಸ್ ಪಿಂಚಣಿ, ಮಕ್ಕಳ ಕೆನಡಾ ಚೈಲ್ಡ್ ಬೆನಿಫಿಟ್, 2025ರ ಜುಲೈನಲ್ಲಿ ಶುರುವಾದ ಕೆನಡಾ ಡಿಸಬಿಲಿಟಿ ಬೆನಿಫಿಟ್, ಮತ್ತು ವೀಸಾ, ಪಿಆರ್ ವಿಷಯಗಳೆಲ್ಲ. ಇವಕ್ಕೆ ಎಂಪಿ ಹತ್ತಿರ ಹೋಗಬೇಕು.

ಪ್ರಾಂತ್ಯ ಸರ್ಕಾರ ನೋಡಿಕೊಳ್ಳುವುದು: ಒಂಟಾರಿಯೋ ವರ್ಕ್ಸ್, ಒಡಿಎಸ್‌ಪಿ ಅನ್ನುವ ಎರಡು ಸಹಾಯಧನ ಯೋಜನೆಗಳು (ವಿವರ ಎರಡನೇ ಹಂತದಲ್ಲಿದೆ), ಕನಿಷ್ಠ ಕೂಲಿ, ಬಾಡಿಗೆ ನಿಯಂತ್ರಣದ ಕಾನೂನು, ಆರೋಗ್ಯ, ಶಾಲೆ. ಇವಕ್ಕೆ ಎಂಪಿಪಿ. ಟೊರಾಂಟೋದ ಕ್ವೀನ್ಸ್ ಪಾರ್ಕ್‌ನಲ್ಲಿ ಕೂರುವ 124 ಜನ ಶಾಸಕರಲ್ಲಿ ಒಬ್ಬರು. ನಮ್ಮೂರಿನ ಎಂಎಲ್‌ಎ ಇದ್ದಂತೆ ಅಂದುಕೊಳ್ಳಿ.

ನಗರಸಭೆ, ರೀಜನ್ (ಕೆಲವು ಊರುಗಳನ್ನು ಒಟ್ಟಿಗೆ ನೋಡಿಕೊಳ್ಳುವ ಸ್ಥಳೀಯ ಆಡಳಿತ) ಮಟ್ಟದಲ್ಲಿ ಇರುವುದು ಶೆಲ್ಟರ್, ಬಸ್ಸು, ಸಬ್ಸಿಡಿ ಮನೆಗಳ ಸರದಿ ಪಟ್ಟಿ. ಇಲ್ಲೊಂದು ಗೊಂದಲ ಇದೆ. ಒಂಟಾರಿಯೋ ವರ್ಕ್ಸ್ ಚೆಕ್ ಕೊಡುವ ಕಚೇರಿ ರೀಜನ್ನಿನದು. ಉದಾಹರಣೆಗೆ ಬ್ರಾಂಪ್ಟನ್, ಮಿಸ್ಸಿಸಾಗಾದವರಿಗೆ ಪೀಲ್ ರೀಜನ್. ಆದರೆ ಎಷ್ಟು ಕೊಡಬೇಕು ಅಂತ ನಿರ್ಧರಿಸುವುದು ಪ್ರಾಂತ್ಯ. ಮೊತ್ತ ಕಡಿಮೆ ಅಂತ ಆ ಕೌಂಟರ್‌ನಲ್ಲಿ ಕೂತವರ ಮೇಲೆ ರೇಗಿ ಪ್ರಯೋಜನ ಇಲ್ಲ.

ನಮ್ಮವರಲ್ಲಿ ಜಾಸ್ತಿ ಕೇಳಿಬರುವ ಒಂದು ಸಂಕಟ ಅಪ್ಪ ಅಮ್ಮಂದಿರದು. ಸ್ಪಾನ್ಸರ್ ಮಾಡಿ ಕರೆಸಿಕೊಂಡಿದ್ದೀವಿ, ಹತ್ತು ವರ್ಷ ವಾಸ ಆಗದೆ ಒಎಎಸ್ ಬರುವುದಿಲ್ಲ, ಅಷ್ಟರವರೆಗೆ ಏನು ಗತಿ ಅಂತ. ಹತ್ತು ವರ್ಷದ ನಿಯಮ ಕೇಂದ್ರದ್ದು. ಸ್ಪಾನ್ಸರ್ ಬರೆದುಕೊಡುವ 20 ವರ್ಷದ ಹೊಣೆಯೂ ಕೇಂದ್ರದ್ದೇ. ಆ ಅವಧಿಯಲ್ಲಿ ತಂದೆ ತಾಯಿ ಪ್ರಾಂತ್ಯದ ಸಹಾಯಧನ ಪಡೆದರೆ ಅದನ್ನು ಮಗನೋ ಮಗಳೋ ಮರಳಿ ಕಟ್ಟಬೇಕಾಗುತ್ತದೆ, ಬಾಕಿ ತೀರುವವರೆಗೆ ಬೇರೆಯವರನ್ನು ಸ್ಪಾನ್ಸರ್ ಮಾಡಲೂ ಆಗುವುದಿಲ್ಲ. ಇಂಥ ಮನೆಯವರಿಗೆ “ಅರ್ಜಿ ಹಾಕಿಬಿಡಿ” ಅಂತ ಸುಮ್ನೆ ಸಲಹೆ ಕೊಡಬೇಡಿ. ಮೊದಲು ಕಮ್ಯುನಿಟಿ ಲೀಗಲ್ ಕ್ಲಿನಿಕ್‌ಗೆ ಕಳಿಸಿ. ಕಡಿಮೆ ಆದಾಯದವರಿಗೆ ಅಲ್ಲಿ ಉಚಿತವಾಗಿ ಕಾನೂನು ಸಲಹೆ ಸಿಗುತ್ತದೆ.

2. ಅಂಕಿಗಳನ್ನು ಬಾಯಿಪಾಠ ಮಾಡಿ

ಎರಡು ಯೋಜನೆಗಳ ಹೆಸರು ಮತ್ತೆ ಮತ್ತೆ ಬರುತ್ತವೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಒಂಟಾರಿಯೋ ವರ್ಕ್ಸ್: ಕೆಲಸವೂ ಇಲ್ಲ, ಉಳಿತಾಯವೂ ಇಲ್ಲ ಅನ್ನುವವರಿಗೆ ಕೊನೆಯ ಆಸರೆ. ಒಂಟಿ ವ್ಯಕ್ತಿಗೆ ತಿಂಗಳಿಗೆ ಗರಿಷ್ಠ 733 ಡಾಲರ್. ಅದರಲ್ಲಿ 343 ಊಟ, ಬಟ್ಟೆ, ಫೋನ್, ಬಸ್ಸಿನ ಖರ್ಚಿಗೆ, 390 ಬಾಡಿಗೆಗೆ. 2018ರಿಂದ ಈ ಮೊತ್ತ ಒಂದು ಡಾಲರ್ ಕೂಡ ಏರಿಲ್ಲ. ಈ ಅವಧಿಯಲ್ಲಿ ಬೆಲೆಗಳು ಐದನೇ ಒಂದು ಪಾಲಿಗಿಂತ ಜಾಸ್ತಿ ಏರಿವೆ.

ಒಡಿಎಸ್‌ಪಿ: ಅಂಗವೈಕಲ್ಯ ಇರುವವರಿಗೆ. ಒಂಟಿ ವ್ಯಕ್ತಿಗೆ 2025ರ ಜುಲೈನಿಂದ ತಿಂಗಳಿಗೆ ಗರಿಷ್ಠ 1,408 ಡಾಲರ್. ಪ್ರತಿ ಜುಲೈನಲ್ಲೂ ಹಣದುಬ್ಬರಕ್ಕೆ ತಕ್ಕಂತೆ ಏರುತ್ತದೆ.

ಬಾಡಿಗೆ ಭಾಗಕ್ಕೆ 390 ಅಂದೆನಲ್ಲ, ಬ್ರಾಂಪ್ಟನ್ನಿನಲ್ಲಿ ಬೇಸ್‌ಮೆಂಟ್ ರೂಮ್ ಹುಡುಕಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇದಕ್ಕಿಂತ ಕ್ರೂರವಾದ ಇನ್ನೊಂದು ಅಂಶ ಇದೆ. ಮನೆಯೇ ಇಲ್ಲದವರಿಗೆ ಬಾಡಿಗೆ ಭಾಗ ಸಿಗುವುದಿಲ್ಲ. ರಸ್ತೆ ಬದಿ ಮಲಗುವವರಿಗೆ ಬರುವುದು 343 ಮಾತ್ರ. ಮುಂಗಡ ಕೊಟ್ಟು ರೂಮ್ ಹಿಡಿಯುವ ದುಡ್ಡು ಯಾರ ಹತ್ತಿರ ಇಲ್ಲವೋ ಅವರಿಗೇ ಬಾಡಿಗೆ ಹಣ ಇಲ್ಲ.

ಹಳೆಯ ಲೆಕ್ಕವೂ ಗೊತ್ತಿರಲಿ. 1995ರಲ್ಲಿ ಆಗಿನ ಮೈಕ್ ಹ್ಯಾರಿಸ್ ಸರ್ಕಾರ ಸಹಾಯಧನವನ್ನು ಶೇಕಡ 21.6ರಷ್ಟು ಕಡಿತ ಮಾಡಿತು. ಒಂಟಿ ವ್ಯಕ್ತಿಗೆ 663 ಇದ್ದದ್ದು 520ಕ್ಕೆ ಇಳಿಯಿತು. ಇವತ್ತಿನ 733ನ್ನು ಆ 663ರ ಪಕ್ಕ ಇಟ್ಟು ನೋಡಿ. ಮೂವತ್ತು ವರ್ಷಕ್ಕೆ ಎಪ್ಪತ್ತು ಡಾಲರ್. ಅದೂ ಬೇರೆ ಬೇರೆ ಪಕ್ಷಗಳು ಅಧಿಕಾರ ನಡೆಸಿದ ಮೂವತ್ತು ವರ್ಷ. ಎಂಪಿಪಿ ಯಾವ ಪಕ್ಷದವರೇ ಇರಲಿ, ಈ ಲೆಕ್ಕ ಹೇಳಿದರೆ “ಇದು ಹಿಂದಿನವರ ತಪ್ಪು” ಅನ್ನುವ ಉತ್ತರಕ್ಕೆ ಜಾಗ ಇರುವುದಿಲ್ಲ.

ಫುಡ್ ಬ್ಯಾಂಕುಗಳ ಲೆಕ್ಕ ಬೇಕಾದರೆ ಫೀಡ್ ಒಂಟಾರಿಯೋ ಪ್ರತಿ ವರ್ಷ ವರದಿ ಕೊಡುತ್ತದೆ. 2024ರ ವರದಿಯ ಪ್ರಕಾರ ಒಂದೇ ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಫುಡ್ ಬ್ಯಾಂಕ್ ಮೆಟ್ಟಿಲು ಹತ್ತಿದ್ದಾರೆ. ಸರ್ಕಾರದ ಖರ್ಚಿನ ಲೆಕ್ಕಕ್ಕೆ ಫೈನಾನ್ಶಿಯಲ್ ಅಕೌಂಟಬಿಲಿಟಿ ಆಫೀಸ್ ನೋಡಿ. ಇದು ಯಾವ ಪಕ್ಷಕ್ಕೂ ಸೇರದ, ವಿಧಾನಸಭೆಗೆ ಲೆಕ್ಕ ಒಪ್ಪಿಸುವ ಕಚೇರಿ. ಇಲ್ಲಿನ ಅಂಕಿ ಹೇಳಿದರೆ ಯಾರೂ ತಳ್ಳಿಹಾಕುವುದಿಲ್ಲ.

ಎಚ್ಚರಿಕೆ: ವಾಟ್ಸಾಪ್‌ನಲ್ಲಿ ಬಂದ ಅಂಕಿ ಬಳಸಬೇಡಿ. ಒಂದು ಸಂಖ್ಯೆ ತಪ್ಪಾದರೆ ಉಳಿದ ಸರಿಯಾದ ಮಾತೂ ಬಿದ್ದುಹೋಗುತ್ತದೆ. ದರಗಳು ಬದಲಾಗುತ್ತವೆ, ಕಳಿಸುವ ದಿನ ಸರ್ಕಾರದ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

3. ಒಂದೇ ಬೇಡಿಕೆ ಇಟ್ಟುಕೊಳ್ಳಿ

ಈ ಲೇಖನದಲ್ಲಿ ಒಂದೇ ಒಂದು ಹಂತ ಓದಲು ಸಮಯ ಇದ್ದರೆ ಇದನ್ನು ಓದಿ.

“ದಯವಿಟ್ಟು ಬಡತನ ನಿವಾರಿಸಿ” ಅನ್ನುವುದು ಬೇಡಿಕೆ ಅಲ್ಲ. ಅದಕ್ಕೆ ಯಾವ ಶಾಸಕರೂ ಇಲ್ಲ ಅನ್ನುವುದಿಲ್ಲ. “ನನಗೂ ಅದೇ ಕಾಳಜಿ” ಅಂತ ಚೆಂದದ ಉತ್ತರ ಬರುತ್ತದೆ. ಏನೂ ಆಗುವುದಿಲ್ಲ. ಹೌದು ಅಥವಾ ಇಲ್ಲ ಅಂತ ಉತ್ತರಿಸಲೇಬೇಕಾದ ಪ್ರಶ್ನೆ ಕೇಳಿ.

ಇದು ಬರೀ ಬಾಯಿ ಮಾತಲ್ಲ. 2022ರ ಚುನಾವಣೆಯ ಹೊತ್ತಿಗೆ ಒಡಿಎಸ್‌ಪಿ ಹೆಚ್ಚಿಸಿ ಅಂತ ಎಲ್ಲ ಕಡೆಯಿಂದ ಒತ್ತಡ ಇತ್ತು. ಆಡಳಿತ ಪಕ್ಷ ಪ್ರಚಾರದ ಮಧ್ಯೆ ಶೇಕಡ 5ರ ಏರಿಕೆ ಮತ್ತು ಹಣದುಬ್ಬರಕ್ಕೆ ಜೋಡಣೆ ಎರಡನ್ನೂ ಒಪ್ಪಿತು. ಸೆಪ್ಟೆಂಬರ್‌ನಲ್ಲಿ 1,169 ಇದ್ದದ್ದು 1,228 ಆಯಿತು. 2023ರ ಫೆಬ್ರವರಿಯಿಂದ ಒಡಿಎಸ್‌ಪಿ ಪಡೆಯುವವರು ದುಡಿದು ಕಡಿತವಿಲ್ಲದೆ ಉಳಿಸಿಕೊಳ್ಳಬಹುದಾದ ಮೊತ್ತ ತಿಂಗಳಿಗೆ 200ರಿಂದ 1,000ಕ್ಕೆ ಏರಿತು. ಇದೆಲ್ಲಾ ಸಾಕಾಗುವುದಿಲ್ಲ ಅನ್ನುವುದು ಬೇರೆ ಮಾತು. ಆದರೆ ಕೇಳಿದ್ದು ಸಂಖ್ಯೆ, ಸಿಕ್ಕಿದ್ದೂ ಸಂಖ್ಯೆ. ಒಂಟಾರಿಯೋ ವರ್ಕ್ಸ್‌ನವರು ಮಾತ್ರ ಆ ಬಸ್ಸು ಹತ್ತಲೇ ಇಲ್ಲ.

ಈಗಿರುವ ಕೊರತೆಗಳಲ್ಲಿ ಹಿಡಿಯಲು ಸುಲಭವಾದ ಕೆಲವು ಬೇಡಿಕೆ ಕೊಡುತ್ತೇನೆ. ಇವುಗಳಲ್ಲಿ ಒಂದನ್ನು ಆರಿಸಿ:

ಒಂಟಾರಿಯೋ ವರ್ಕ್ಸ್ ಅನ್ನೂ ಒಡಿಎಸ್‌ಪಿ ಹಾಗೆ ಪ್ರತಿ ವರ್ಷ ಹಣದುಬ್ಬರಕ್ಕೆ ಜೋಡಿಸಿ. ನನ್ನನ್ನು ಕೇಳಿದರೆ ಮೊದಲ ಬಾರಿ ಬರೆಯುವವರಿಗೆ ಇದೇ ಒಳ್ಳೆಯದು. ಒಂದು ಯೋಜನೆಗೆ ಒಪ್ಪಿಕೊಂಡ ನಿಯಮವನ್ನು ಇನ್ನೊಂದಕ್ಕೆ ಯಾಕೆ ಒಪ್ಪುವುದಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ಮನೆ ಇಲ್ಲದವರಿಗೂ ಬಾಡಿಗೆ ಭಾಗ ಕೊಡಿ.

ಒಂಟಾರಿಯೋ ವರ್ಕ್ಸ್‌ನಲ್ಲಿ ದುಡಿಮೆಯ ವಿನಾಯಿತಿ ಏರಿಸಿ. ಈಗ ಮೊದಲ 200 ಡಾಲರ್ ದಾಟಿದ ಮೇಲೆ ದುಡಿದ ಪ್ರತಿ ಡಾಲರ್‌ಗೆ 50 ಸೆಂಟ್ ಸಹಾಯಧನದಿಂದ ಕಳೆಯುತ್ತಾರೆ. ಈ ಕಡಿತಕ್ಕೆ ‘ಕ್ಲಾಬ್ಯಾಕ್’ ಅನ್ನುತ್ತಾರೆ, ಕೊಟ್ಟ ಹಾಗೆ ಮಾಡಿ ಹಿಂದಕ್ಕೆ ಕಿತ್ತುಕೊಳ್ಳುವುದು.

ಜೊತೆಗೆ ವಾಸಿಸುವವರನ್ನು ಮೂರು ತಿಂಗಳಿಗೇ ಗಂಡ ಹೆಂಡತಿ ಅಂತ ಲೆಕ್ಕ ಹಾಕಿ ಆದಾಯ ಒಟ್ಟುಗೂಡಿಸುವ ನಿಯಮ ಸಡಿಲಿಸಿ.

2018ರ ನವೆಂಬರ್ 15ರ ನಂತರ ಮೊದಲ ಬಾರಿ ವಾಸಕ್ಕೆ ಬಂದ ಮನೆಗಳಿಗೆ ವಾರ್ಷಿಕ ಬಾಡಿಗೆ ಏರಿಕೆಯ ಮಿತಿ ಅನ್ವಯಿಸುವುದಿಲ್ಲ. ಆ ವಿನಾಯಿತಿ ತೆಗೆಯಿರಿ. (ಹೊಸ ಕಾಂಡೋಗಳಲ್ಲಿ ಬಾಡಿಗೆಗೆ ಇರುವ ನಮ್ಮವರೇ ಎಷ್ಟೋ ಜನಕ್ಕೆ ಇದು ತಮ್ಮದೇ ಕಥೆ.)

ಇನ್ನೊಂದು ಉಪಯೋಗಕ್ಕೆ ಬರುವ ವಿಷಯ. ಸಹಾಯಧನದ ಮೊತ್ತ ಮೂಲ ಕಾನೂನಿನಲ್ಲಿ ಇಲ್ಲ, ಅದರ ಕೆಳಗಿನ ನಿಯಮಾವಳಿಯಲ್ಲಿ ಇದೆ. ನಿಯಮಾವಳಿ ಅಂದರೆ ವಿಧಾನಸಭೆಯ ಮತ ಇಲ್ಲದೆ ಸಚಿವ ಸಂಪುಟವೇ ತಿದ್ದಬಹುದಾದ ವಿವರ. ಹಾಗಾಗಿ “ಹೊಸ ಕಾನೂನು ತನ್ನಿ” ಅಂತ ಕೇಳಬೇಡಿ. “ನಿಯಮ ತಿದ್ದಿ ಅಂತ ಮಕ್ಕಳ, ಸಮುದಾಯ ಮತ್ತು ಸಮಾಜ ಸೇವೆಗಳ ಸಚಿವರಿಗೆ ನೀವು ಪತ್ರ ಬರೆಯುತ್ತೀರಾ? ಅದರ ಪ್ರತಿ ನಮಗೂ ಕೊಡುತ್ತೀರಾ?” ಅಂತ ಕೇಳಿ. ಇದಕ್ಕೆ ಹೌದು ಅಥವಾ ಇಲ್ಲ ಅನ್ನಲೇಬೇಕು.

4. ನಿಮ್ಮ ಎಂಪಿಪಿ ಯಾರು ಅಂತ ಪತ್ತೆ ಮಾಡಿ

ಎಲೆಕ್ಷನ್ಸ್ ಒಂಟಾರಿಯೋ ವೆಬ್‌ಸೈಟಿನಲ್ಲಿ ಪೋಸ್ಟಲ್ ಕೋಡ್ ಹಾಕಿದರೆ ಕ್ಷೇತ್ರದ ಹೆಸರು ಬರುತ್ತದೆ. ವಿಧಾನಸಭೆಯ ವೆಬ್‌ಸೈಟಿನಲ್ಲಿ ಆ ಕ್ಷೇತ್ರದ ಎಂಪಿಪಿಯ ಇಮೇಲ್, ಎರಡು ಕಚೇರಿಗಳ ವಿಳಾಸ ಸಿಗುತ್ತದೆ. ಒಂದು ಕ್ವೀನ್ಸ್ ಪಾರ್ಕ್ ಕಚೇರಿ, ಇನ್ನೊಂದು ನಿಮ್ಮ ಊರಿನ ಕ್ಷೇತ್ರ ಕಚೇರಿ. ನಿಮಗೆ ಬೇಕಾದದ್ದು ಎರಡನೆಯದು.

ಎಂಪಿ ಕ್ಷೇತ್ರ ಮತ್ತು ಎಂಪಿಪಿ ಕ್ಷೇತ್ರ ಒಂದೇ ಅಂದುಕೊಳ್ಳಬೇಡಿ. ಮೊದಲು ಹೆಚ್ಚುಕಡಿಮೆ ಒಂದೇ ಗಡಿ ಇತ್ತು. 2025ರ ಕೇಂದ್ರ ಚುನಾವಣೆಗೆ ಹೊಸ ಗಡಿ ಬಂತು, ಪ್ರಾಂತ್ಯದ ಚುನಾವಣೆ ಹಳೆಯ ಗಡಿಯಲ್ಲೇ ನಡೆಯಿತು. ಬ್ರಾಂಪ್ಟನ್ನಿನಲ್ಲಿ ಕೇಂದ್ರಕ್ಕೆ ಆರು ಕ್ಷೇತ್ರ, ಪ್ರಾಂತ್ಯಕ್ಕೆ ಐದು. ಪಕ್ಕದ ಬೀದಿಯವರ ಎಂಪಿಪಿ ಬೇರೆಯವರೇ ಆಗಿರಬಹುದು.

ಬೇರೆ ಕ್ಷೇತ್ರದ ಎಂಪಿಪಿಗೆ ಬರೆದರೆ ಪತ್ರ ನಿಮ್ಮ ಎಂಪಿಪಿಗೆ ರವಾನೆ ಆಗುತ್ತದೆ ಅಥವಾ ಕಡತದಲ್ಲಿ ಕೂರುತ್ತದೆ. 124 ಜನಕ್ಕೂ ಒಂದೇ ಇಮೇಲ್ ಕಳಿಸುವುದು ಇನ್ನೂ ಕೆಟ್ಟ ಉಪಾಯ. ಆಗ ಅದು ಯಾರ ಪತ್ರವೂ ಅಲ್ಲ.

5. ಪತ್ರ ಬರೆಯಿರಿ

ಒಂದು ಪುಟ ಮೀರಬೇಡಿ. ಮೊದಲ ಸಾಲಿನಲ್ಲೇ ನೀವು ಆ ಕ್ಷೇತ್ರದವರು ಅಂತ ಹೇಳಿ, ಕೊನೆಯಲ್ಲಿ ಪೂರ್ತಿ ವಿಳಾಸ, ಪೋಸ್ಟಲ್ ಕೋಡ್ ಕೊಡಿ. ಕಚೇರಿಯಲ್ಲಿ ಪತ್ರ ತೆರೆಯುವವರು ಮೊದಲು ಹುಡುಕುವುದು ಪೋಸ್ಟಲ್ ಕೋಡನ್ನೇ.

ಮಾದರಿ ಹೀಗೆ. ಇದನ್ನು ನಿಮ್ಮ ಮಾತಿನಲ್ಲಿ ಇಂಗ್ಲಿಷಿಗೆ ತಂದುಕೊಳ್ಳಿ:

“ನಾನು ನಿಮ್ಮ ಕ್ಷೇತ್ರದಲ್ಲಿ ಇಷ್ಟು ವರ್ಷದಿಂದ ವಾಸವಾಗಿದ್ದೇನೆ. ಶನಿವಾರಗಳಂದು ಫುಡ್ ಬ್ಯಾಂಕಿನಲ್ಲಿ ಸ್ವಯಂಸೇವೆ ಮಾಡುತ್ತೇನೆ. ಅಲ್ಲಿಗೆ ಬರುವವರಲ್ಲಿ ಒಂಟಾರಿಯೋ ವರ್ಕ್ಸ್ ನಂಬಿಕೊಂಡಿರುವ ಒಂಟಿ ಜನರೂ ಇದ್ದಾರೆ. ಅವರಿಗೆ ಬರುವುದು ತಿಂಗಳಿಗೆ ಹೆಚ್ಚೆಂದರೆ 733 ಡಾಲರ್. 2018ರಿಂದ ಇದು ಏರಿಲ್ಲ. ಒಡಿಎಸ್‌ಪಿಯನ್ನು ಹಣದುಬ್ಬರಕ್ಕೆ ಜೋಡಿಸಿದ್ದು ಒಳ್ಳೆಯ ಕೆಲಸ. ಒಂಟಾರಿಯೋ ವರ್ಕ್ಸ್ ಅನ್ನೂ ಹಾಗೆಯೇ ಜೋಡಿಸಬೇಕೆಂದು ಮುಂದಿನ ಬಜೆಟ್ಟಿಗೆ ಮುಂಚೆ ನೀವು ಸಚಿವರಿಗೆ ಪತ್ರ ಬರೆಯುತ್ತೀರಾ? ನಿಮ್ಮ ಉತ್ತರ ಬರಹದಲ್ಲಿ ಬೇಕು. ಈ ಬಗ್ಗೆ ಮಾತಾಡಲು 20 ನಿಮಿಷ ಸಮಯ ಕೊಟ್ಟರೆ ನಾನು, ಇನ್ನಿಬ್ಬರು ಅಕ್ಕಪಕ್ಕದವರು ಕಚೇರಿಗೆ ಬರುತ್ತೇವೆ.”

ಇಷ್ಟೇ. ಫುಡ್ ಬ್ಯಾಂಕಿನ ಸಾಲಿನ ಜಾಗದಲ್ಲಿ ನೀವು ಕಣ್ಣಾರೆ ಕಂಡದ್ದು ಬರಲಿ. ನೀವೇ ಸಹಾಯಧನ ಪಡೆಯುತ್ತಿದ್ದರೆ ನಿಮ್ಮ ತಿಂಗಳ ಲೆಕ್ಕ ನಾಲ್ಕು ಸಾಲಿನಲ್ಲಿ ಬರೆಯಿರಿ: ಬಂದದ್ದು ಇಷ್ಟು, ಬಾಡಿಗೆ ಇಷ್ಟು, ಉಳಿದದ್ದು ಇಷ್ಟು. ಅದರ ಮುಂದೆ ಯಾವ ಭಾಷಣವೂ ಬೇಕಿಲ್ಲ. ಎಂಪಿಪಿಗೆ ಬರೆದರು ಅನ್ನುವ ಕಾರಣಕ್ಕೆ ಯಾರ ಸಹಾಯಧನವನ್ನೂ ನಿಲ್ಲಿಸುವ ಹಾಗಿಲ್ಲ.

ಬಿಡಬೇಕಾದದ್ದು: ಬೇರೆಯವರ ಹೆಸರು, ಅವರ ಕಾಯಿಲೆ, ಅವರ ಮನೆಯ ಗುಟ್ಟು. ಅವರು ಒಪ್ಪಿದ್ದರೂ ಹೆಸರು ಬೇಡ. ಮತ್ತೆ ರೆಡಿಮೇಡ್ ಪತ್ರಕ್ಕೆ ಹೆಸರು ಹಾಕಿ ಕಳಿಸುವ ಬಟನ್ ಒತ್ತಿ ಸುಮ್ಮನಾಗಬೇಡಿ. ಒಂದೇ ಒಕ್ಕಣೆಯ ನೂರು ಇಮೇಲ್ ಬಂದರೆ ಕಚೇರಿ ಎಣಿಸಿ ಇಡುತ್ತದೆ, ಓದುವುದಿಲ್ಲ.

ಇದು ನೀತಿಯ ಪತ್ರ. ನಿಮ್ಮದೇ ಅರ್ಜಿ ತಿರಸ್ಕಾರ ಆಗಿದ್ದರೆ ಆ ದಾರಿಯೇ ಬೇರೆ. ತೀರ್ಮಾನ ಬಂದ 30 ದಿನದೊಳಗೆ ‘ಇಂಟರ್ನಲ್ ರಿವ್ಯೂ’ ಅಂದರೆ ಆಂತರಿಕ ಮರುಪರಿಶೀಲನೆ ಕೇಳಬೇಕು. ಅದರಲ್ಲೂ ಸೋತರೆ ಮತ್ತೆ 30 ದಿನದೊಳಗೆ ಸೋಷಿಯಲ್ ಬೆನಿಫಿಟ್ಸ್ ಟ್ರಿಬ್ಯುನಲ್‌ಗೆ ಮೇಲ್ಮನವಿ. ಎಂಪಿಪಿ ಕಚೇರಿ ಕಡತ ಎಲ್ಲಿದೆ ಅಂತ ವಿಚಾರಿಸಿ ಕೊಡಬಹುದು, ಆದರೆ ಟ್ರಿಬ್ಯುನಲ್ ತೀರ್ಪು ಬದಲಿಸಲು ಆಗುವುದಿಲ್ಲ. ಎಂಪಿಪಿ ಉತ್ತರಕ್ಕೆ ಕಾಯುತ್ತಾ ಗಡುವು ದಾಟಿಸಿಕೊಳ್ಳಬೇಡಿ.

6. ಮುಖಾಮುಖಿ ಭೇಟಿ

ಪತ್ರ ಕಳಿಸಿ ಎರಡು ವಾರ ಆದ ಮೇಲೆ ಕ್ಷೇತ್ರ ಕಚೇರಿಗೆ ಫೋನ್ ಮಾಡಿ. ಫೋನ್ ಎತ್ತುವ ಸಹಾಯಕರನ್ನು ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಎಂಪಿಪಿಯ ದಿನಚರಿ ಇವರ ಕೈಯಲ್ಲಿದೆ. ಸದನ ನಡೆಯುವಾಗ ಸೋಮವಾರದಿಂದ ಗುರುವಾರದವರೆಗೆ ಶಾಸಕರು ಕ್ವೀನ್ಸ್ ಪಾರ್ಕ್‌ನಲ್ಲಿ ಇರುತ್ತಾರೆ, ಆದ್ದರಿಂದ ಶುಕ್ರವಾರ ಕೇಳಿ. ಬೇಸಿಗೆಯಲ್ಲಿ ಸದನ ಇರುವುದಿಲ್ಲ, ಆಗ ಸಮಯ ಸಿಗುವುದು ಸುಲಭ.

ಮೂರು ನಾಲ್ಕು ಜನ ಸಾಕು, ಎಲ್ಲರೂ ಅದೇ ಕ್ಷೇತ್ರದವರಾಗಿರಲಿ. ಕೆಲಸ ಹಂಚಿಕೊಳ್ಳಿ: ಒಬ್ಬರು ಪರಿಚಯ ಮಾಡಿಸುವುದು, ಒಬ್ಬರು ಅಂಕಿ ಹೇಳುವುದು, ಒಬ್ಬರು ಕಂಡದ್ದು ಹೇಳುವುದು, ಒಬ್ಬರು ಬರೆದುಕೊಳ್ಳುವುದು. ಬೇಡಿಕೆಯನ್ನು ಮೊದಲ ಐದು ನಿಮಿಷದಲ್ಲೇ ಹೇಳಿಬಿಡಿ. ನಮ್ಮವರು ಕುಶಲ ವಿಚಾರಿಸಿ, ಊರು ಕೇರಿ ಹೇಳಿ, ಹವಾಮಾನಕ್ಕೆ ಬಂದು ಮುಖ್ಯ ಮಾತಿಗೆ ಬರುವಷ್ಟರಲ್ಲಿ ಸಹಾಯಕರು ಬಾಗಿಲು ತಟ್ಟಿರುತ್ತಾರೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಫೋಟೋ ತೆಗೆಸಿಕೊಂಡು ಫೇಸ್‌ಬುಕ್ಕಿಗೆ ಹಾಕಿದರೆ ಭೇಟಿ ಯಶಸ್ವಿ ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅದರಿಂದ ಎಂಪಿಪಿಗೆ ಒಳ್ಳೆಯ ಫೋಟೋ ಸಿಗುತ್ತದೆ, ನಿಮಗೆ ಏನೂ ಸಿಗುವುದಿಲ್ಲ. ಫೋಟೋ ಬೇಕಾದರೆ ಉತ್ತರ ಸಿಕ್ಕ ಮೇಲೆ ತೆಗೆಸಿಕೊಳ್ಳಿ. ಬೆಲೆಬಾಳುವ ಉಡುಗೊರೆ ಬೇಡವೇ ಬೇಡ, ಶಾಸಕರು ಉಡುಗೊರೆ ಪಡೆಯುವುದಕ್ಕೆ ಇಲ್ಲಿ ಕಾನೂನಿನ ಕಟ್ಟುಪಾಡು ಇದೆ. ರಾಜ್ಯೋತ್ಸವದ ವೇದಿಕೆ ಹಿಂದೆ ಎಂಪಿಪಿಯನ್ನು ಹಿಡಿದು ನಿಲ್ಲಿಸಿ ಬೇಡಿಕೆ ಒಪ್ಪಿಸುವುದೂ ಬೇಡ. ಅಲ್ಲಿ ಸಹಾಯಕರ ಕಾರ್ಡ್ ಈಸಿಕೊಳ್ಳಿ, ಸಾಕು.

ಬರುವ ಉತ್ತರಗಳು ಸಾಮಾನ್ಯವಾಗಿ ಇವೇ. “ಖಜಾನೆಯಲ್ಲಿ ಹಣ ಇಲ್ಲ” ಅಂದರೆ, ಶೆಲ್ಟರಿಗೆ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಈಗ ಹೋಗುತ್ತಿರುವ ಹಣವೂ ಸಾರ್ವಜನಿಕ ಹಣವೇ ಅಲ್ವಾ ಅಂತ ಕೇಳಿ. “ಜನ ಕೆಲಸಕ್ಕೆ ಹೋಗಬೇಕು” ಅಂದರೆ, ಸಂದರ್ಶನಕ್ಕೆ ಹೋಗಲು ಬಸ್ಸು, ಫೋನು, ಮಲಗಲು ಜಾಗ ಬೇಕು, 343 ಡಾಲರ್‌ನಲ್ಲಿ ಅದು ಹೇಗೆ ಆಗುತ್ತದೆ ಅಂತ ಕೇಳಿ. “ಕೇಂದ್ರದವರು ಮಾಡಬೇಕು” ಅಂದರೆ, ಒಂಟಾರಿಯೋ ವರ್ಕ್ಸ್ 1997ರ ಪ್ರಾಂತ್ಯದ ಕಾನೂನು ಅಂತ ನೆನಪಿಸಿ. “ನಾನು ವಿರೋಧ ಪಕ್ಷ, ನನ್ನ ಕೈಯಲ್ಲಿ ಏನೂ ಇಲ್ಲ” ಅನ್ನುವುದೂ ಪೂರ್ತಿ ನಿಜ ಅಲ್ಲ. ವಿರೋಧ ಪಕ್ಷದವರು ಪ್ರಶ್ನೋತ್ತರ ವೇಳೆಯಲ್ಲಿ ಕೇಳಬಹುದು, 90 ಸೆಕೆಂಡಿನ ಸದಸ್ಯರ ಹೇಳಿಕೆ ಓದಬಹುದು, ಖರ್ಚಿನ ಲೆಕ್ಕ ಹಾಕಿಕೊಡಿ ಅಂತ ಫೈನಾನ್ಶಿಯಲ್ ಅಕೌಂಟಬಿಲಿಟಿ ಆಫೀಸಿಗೆ ಕೇಳಬಹುದು. ಆಡಳಿತ ಪಕ್ಷದವರು ಸದನದಲ್ಲಿ ಸರ್ಕಾರದ ವಿರುದ್ಧ ಮಾತಾಡುವುದು ಅಪರೂಪ. ಅವರಿಂದ ಭಾಷಣ ಬಯಸಬೇಡಿ, ಸಚಿವರಿಗೆ ಪತ್ರ ಕೇಳಿ.

ಗೊತ್ತಿಲ್ಲದ ಪ್ರಶ್ನೆ ಕೇಳಿದರೆ “ನೋಡಿ ತಿಳಿಸುತ್ತೇವೆ” ಅನ್ನಿ. ಅದೇ ಮತ್ತೆ ಇಮೇಲ್ ಮಾಡಲು ಒಳ್ಳೆಯ ನೆಪ ಆಗುತ್ತದೆ.

7. ಬಜೆಟ್ ಕಾಲ ತಪ್ಪಿಸಬೇಡಿ

ಸಾಮಾನ್ಯವಾಗಿ ಬಜೆಟ್ ಮಾರ್ಚಿನಲ್ಲಿ ಬರುತ್ತದೆ. ಚುನಾವಣೆ ಬಂದರೆ ಮುಂದೆ ಹೋಗುತ್ತದೆ, 2025ರಲ್ಲಿ ಫೆಬ್ರವರಿ ಚುನಾವಣೆಯಿಂದಾಗಿ ಮೇ 15ಕ್ಕೆ ಬಂತು. ಮಾರ್ಚಿನಲ್ಲಿ ಎಚ್ಚರವಾದರೆ ತಡವಾಯಿತು. ಪಾಕ ಏರುವುದು ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ.

ಆಗ ಎರಡು ಬಾಗಿಲು ತೆರೆದಿರುತ್ತವೆ. ಒಂದು, ಹಣಕಾಸು ಸಚಿವಾಲಯ ನಡೆಸುವ ಅಭಿಪ್ರಾಯ ಸಂಗ್ರಹ, ಇಮೇಲ್‌ನಲ್ಲೂ ಕಳಿಸಬಹುದು. ಎರಡು, ವಿಧಾನಸಭೆಯ ಹಣಕಾಸು ಮತ್ತು ಆರ್ಥಿಕ ವ್ಯವಹಾರಗಳ ಸ್ಥಾಯಿ ಸಮಿತಿ. ಎಲ್ಲ ಪಕ್ಷಗಳ ಶಾಸಕರೂ ಇರುವ ಸಣ್ಣ ತಂಡ ಇದು. ಬೇರೆ ಬೇರೆ ಊರುಗಳಿಗೆ ಹೋಗಿ ಜನರ ಮಾತು ಕೇಳುತ್ತದೆ. ಮಾತಾಡಲು ಹೆಸರು ಕೊಡುವ ಗಡುವು ಬಹಳ ಬೇಗ ಮುಗಿಯುತ್ತದೆ, ಆದ್ದರಿಂದ ನವೆಂಬರ್‌ನಿಂದಲೇ ವಿಧಾನಸಭೆಯ ವೆಬ್‌ಸೈಟ್ ನೋಡುತ್ತಿರಿ.

ಅವಕಾಶ ಸಿಕ್ಕರೆ ಸುಮಾರು 7 ನಿಮಿಷ ಮಾತು, ಆಮೇಲೆ ಶಾಸಕರ ಪ್ರಶ್ನೆ. ಆರನೇ ನಿಮಿಷಕ್ಕೆ ಅಧ್ಯಕ್ಷರು “ಒಂದು ನಿಮಿಷ ಉಳಿದಿದೆ” ಅನ್ನುತ್ತಾರೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಓದಿ, ಆರು ನಿಮಿಷಕ್ಕೆ ಮುಗಿಯುವ ಹಾಗೆ ಕತ್ತರಿಸಿ. ಅವಕಾಶ ಸಿಗದಿದ್ದರೆ ಬರಹದಲ್ಲಿ ಕಳಿಸಬಹುದು.

ಎಚ್ಚರಿಕೆ: ಸಮಿತಿಯ ಮುಂದೆ ಆಡಿದ ಪ್ರತಿ ಮಾತು ನಿಮ್ಮ ಹೆಸರಿನ ಸಮೇತ ‘ಹ್ಯಾನ್ಸರ್ಡ್’ನಲ್ಲಿ ಅಚ್ಚಾಗುತ್ತದೆ. ಹ್ಯಾನ್ಸರ್ಡ್ ಅಂದರೆ ಸದನದ ಪದಶಃ ದಾಖಲೆ. ಅದು ಇಂಟರ್ನೆಟ್ಟಿನಲ್ಲಿ ಶಾಶ್ವತವಾಗಿ ಇರುತ್ತದೆ. ಸ್ವಂತ ಆರೋಗ್ಯ, ಸಂಸಾರದ ವಿಷಯ ಹೇಳುವ ಮುಂಚೆ ಎರಡು ಸಲ ಯೋಚಿಸಿ.

ಬಜೆಟ್ ಅಲ್ಲದೆ ಇನ್ನೊಂದು ಹಿಡಿ ಇದೆ. 2009ರ ಬಡತನ ಕಡಿತ ಕಾಯ್ದೆ ಪ್ರಕಾರ ಪ್ರಾಂತ್ಯ ಕನಿಷ್ಠ ಐದು ವರ್ಷಕ್ಕೊಮ್ಮೆ ಬಡತನದ ಬಗ್ಗೆ ಕಾರ್ಯತಂತ್ರ ಪ್ರಕಟಿಸಬೇಕು, ಪ್ರತಿ ವರ್ಷ ಪ್ರಗತಿ ವರದಿ ಕೊಡಬೇಕು. 2020ರ ಡಿಸೆಂಬರ್‌ನಲ್ಲಿ ಬಂದದ್ದು 2025ರವರೆಗಿನ ಅವಧಿಯದು. ಮುಂದಿನ ಅವಧಿಯ ಗುರಿ ಏನು, ಯಾವ ವರ್ಷದೊಳಗೆ ಅಂತ ಕೇಳುವ ಹಕ್ಕು ಈ ಕಾಯ್ದೆಯಿಂದಲೇ ಬರುತ್ತದೆ.

8. ಸಹಿ ಸಂಗ್ರಹ: ಕೊನೆಗೆ ಇಟ್ಟುಕೊಳ್ಳಿ

ಎಲ್ಲರೂ ಇಲ್ಲಿಂದ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಜಾಸ್ತಿ ಶ್ರಮ, ಕಡಿಮೆ ಫಲ. ಆದರೂ ಮಾಡುವುದಾದರೆ, ಇಂಟರ್ನೆಟ್ಟಿನ ಖಾಸಗಿ ತಾಣಗಳಲ್ಲಿ ಕ್ಲಿಕ್ ಮಾಡಿಸಿದ ಹೆಸರುಗಳನ್ನು ವಿಧಾನಸಭೆ ಪಿಟಿಷನ್ ಅಂತ ಒಪ್ಪುವುದಿಲ್ಲ. ಒಕ್ಕಣೆ ವಿಧಾನಸಭೆಯನ್ನು ಉದ್ದೇಶಿಸಿ ಇರಬೇಕು, ಸಹಿ ಹಾಕುವವರು ಒಂಟಾರಿಯೋ ನಿವಾಸಿಗಳಾಗಿರಬೇಕು, ಮತ್ತು ಅದನ್ನು ಸದನದಲ್ಲಿ ಮಂಡಿಸಲು ಒಬ್ಬ ಎಂಪಿಪಿ ಒಪ್ಪಬೇಕು. ಮೊದಲ ಸಹಿಗೆ ಮುಂಚೆಯೇ ಎಂಪಿಪಿ ಕಚೇರಿಯಿಂದ ಈಗಿನ ನಮೂನೆ ಕೇಳಿ ಪಡೆಯಿರಿ. ದೇವಸ್ಥಾನದಲ್ಲಿ, ಯುಗಾದಿ ಊಟದ ಸಾಲಿನಲ್ಲಿ ಸಹಿ ಹಾಕಿಸಿಕೊಂಡು ಆಮೇಲೆ ನಮೂನೆ ಸರಿಯಿಲ್ಲ ಅಂತ ಗೊತ್ತಾದರೆ ಅಷ್ಟೂ ಹಾಳೆ ವ್ಯರ್ಥ.

9. ಬೆನ್ನು ಬಿಡಬೇಡಿ

ಭೇಟಿಯಾದ ಮಾರನೇ ದಿನವೇ ಧನ್ಯವಾದದ ಇಮೇಲ್ ಕಳಿಸಿ. ಅದರಲ್ಲಿ “ನೀವು ಹೀಗೆ ಮಾಡುತ್ತೇನೆ ಅಂದಿರಿ” ಅಂತ ಒಂದು ಸಾಲು ಬರೆಯಿರಿ. ಮಾತು ಬರಹವಾಗುವುದು ಆಗಲೇ. ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಅದೇ ಇಮೇಲಿಗೆ ಕೆಳಗೆ ಇನ್ನೊಂದು ಸಾಲು ಸೇರಿಸಿ. ಹೊಸ ಪತ್ರ ಶುರು ಮಾಡಬೇಡಿ, ಹಳೆಯ ಸರಣಿಯಲ್ಲೇ ಹೋಗಲಿ. ಎಷ್ಟು ದಿನದಿಂದ ಉತ್ತರ ಬಂದಿಲ್ಲ ಅಂತ ಅವರಿಗೇ ಕಾಣುತ್ತದೆ.

ಎರಡು ಮೂರು ನೆನಪೋಲೆಗೂ ಉತ್ತರ ಇಲ್ಲವಾದರೆ ಊರಿನ ಪತ್ರಿಕೆಗೆ ಸಂಪಾದಕರಿಗೆ ಪತ್ರ ಬರೆಯಿರಿ, ಎಂಪಿಪಿ ಹೆಸರು ಹಾಕಿ, ಬೈಯದೆ. “ಇಂಥ ದಿನ ಈ ಪ್ರಶ್ನೆ ಕೇಳಿದೆವು, ಉತ್ತರ ಬಂದಿಲ್ಲ” ಅಂದರೆ ಸಾಕು. ಅದೇ ಪ್ರಶ್ನೆಯನ್ನು ಇನ್ನೊಂದು ಪಕ್ಷದ ಎಂಪಿಪಿಗೂ ಕಳಿಸಿ, ಆ ಕ್ಷೇತ್ರದಲ್ಲಿರುವ ನಿಮ್ಮ ಸ್ನೇಹಿತರ ಕೈಲಿ. ಒಬ್ಬರೇ ಮಾಡಲು ಸುಸ್ತಾದರೆ ಇನ್‌ಕಮ್ ಸೆಕ್ಯುರಿಟಿ ಅಡ್ವೊಕಸಿ ಸೆಂಟರ್, ಒಡಿಎಸ್‌ಪಿ ಆಕ್ಷನ್ ಕೊಯಲಿಷನ್, ಫೀಡ್ ಒಂಟಾರಿಯೋ ಇವರೆಲ್ಲಾ ಇದೇ ಕೆಲಸದಲ್ಲಿ ಇದ್ದಾರೆ. ಇವರ ಟಿಪ್ಪಣಿಗಳನ್ನು ಓದಿದರೆ ಅಂಕಿ ಹುಡುಕುವ ಅರ್ಧ ಕೆಲಸ ಉಳಿಯುತ್ತದೆ.

ಇದನ್ನೆಲ್ಲಾ ಓದುವವರಲ್ಲಿ ಕೆಲವರಿಗೆ ನೀತಿ ಬದಲಾಗುವವರೆಗೆ ಕಾಯುವ ಸ್ಥಿತಿ ಇರುವುದಿಲ್ಲ, ಗೊತ್ತು. ಅಂಥವರು 211ಕ್ಕೆ ಫೋನ್ ಮಾಡಿ. ಹತ್ತಿರದ ಫುಡ್ ಬ್ಯಾಂಕ್, ಬಾಡಿಗೆ ನೆರವು, ಶೆಲ್ಟರ್, ಲೀಗಲ್ ಕ್ಲಿನಿಕ್ ಎಲ್ಲಿದೆ ಅಂತ ಹಗಲು ರಾತ್ರಿ ಹೇಳುತ್ತಾರೆ, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್ ಕಷ್ಟ ಆಗುವ ಹಿರಿಯರಿದ್ದರೆ ಕನ್ನಡ ದುಭಾಷಿ ಬೇಕು ಅಂತ ಕೇಳಿನೋಡಿ.